‘ಯಾರಿಗೂ ಹೇಳಬೇಡ’ ಎಂದ ಗೆಳೆಯನಿಗೆ ಆಸರೆಯಾಗುವುದು ಹೇಗೆ?

ಮನಸ್ಸಿನ ನೋವನ್ನು ಹದಿಹರೆಯದವರು ಸಾಮಾನ್ಯವಾಗಿ ಮೊದಲು ತೋಡಿಕೊಳ್ಳುವುದು ತಮ್ಮ ಗೆಳೆಯ ಗೆಳತಿಯರ ಬಳಿ. ಹಾಸ್ಟೆಲಿನ ಪಕ್ಕದ ಮಂಚದವನು, ಬಸ್ಸಿನಲ್ಲಿ ಜತೆಗೆ ಬರುವವಳು, ಟ್ಯೂಷನ್ನಿನಲ್ಲಿ ಒಂದೇ ಬೆಂಚಿನಲ್ಲಿ ಕೂರುವವನು ತಿಳಿದಿರುವ ಸಂಗತಿ ಮನೆಯವರಿಗೆ ತಿಳಿಯುವ ಹೊತ್ತಿಗೆ ಕೆಲವೊಮ್ಮೆ ತೀರಾ ತಡವಾಗಿರುತ್ತದೆ. ಆ ಮಾತಿನ ಜತೆಗೇ ಬರುವ ಷರತ್ತು ಒಂದಿದೆ: ‘ಯಾರಿಗೂ ಹೇಳಬೇಡ.’ ಹದಿನಾರು ಹದಿನೇಳರ ಪ್ರಾಯದ ಹುಡುಗನೋ ಹುಡುಗಿಯೋ ಆ ಕ್ಷಣದಲ್ಲಿ ಏನು ಮಾಡಬೇಕು, ಏನು ಮಾಡಬಾರದು, ಮಾಡಿದ ಮೇಲೆ ಯಾರ ಕೈಗೆ ಒಪ್ಪಿಸಬೇಕು ಎಂಬುದನ್ನು ಕಲಿಸುವ ಪಾಠ ನಮ್ಮ ಬಹುತೇಕ ತರಗತಿಗಳಲ್ಲಿ ಇಲ್ಲ. ಆ ಪಾಠದ ಮುಖ್ಯಾಂಶಗಳನ್ನು ಒಂದೆಡೆ ನೀಡುವುದು ಈ ಲೇಖನದ ಉದ್ದೇಶ.

ಸಮಸ್ಯೆಯ ಗಾತ್ರ

ಜಗತ್ತಿನಲ್ಲಿ 10ರಿಂದ 19 ವರ್ಷದ ಪ್ರತಿ ಏಳು ಮಂದಿಯಲ್ಲಿ ಒಬ್ಬರಿಗೆ ಒಂದಿಲ್ಲೊಂದು ಮಾನಸಿಕ ತೊಂದರೆ ಇರುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಇಂತಹ ತೊಂದರೆ ಇರುವುದನ್ನು ಗುರುತಿಸಿತ್ತು. ಮಹಾನಗರಗಳಲ್ಲಿ ಈ ಪ್ರಮಾಣ ಶೇ. 13.5ರಷ್ಟಿದ್ದರೆ ಗ್ರಾಮೀಣ ಭಾಗದಲ್ಲಿ ಶೇ. 6.9 ಇತ್ತು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಅಂಕಿ ಅಂಶಗಳ ಪ್ರಕಾರ ದೇಶದಲ್ಲಿ ಆತ್ಮಹತ್ಯೆಯಿಂದ ಮೃತಪಟ್ಟ ವಿದ್ಯಾರ್ಥಿಗಳ ಸಂಖ್ಯೆ 2022ರಲ್ಲಿ 13,044, 2023ರಲ್ಲಿ 13,892. ಇಂತಹ ಸುದ್ದಿ ಬಂದಾಗಲೆಲ್ಲ ‘ಪರೀಕ್ಷೆಯ ಭಯ’ ಎಂಬ ಒಂದೇ ಕಾರಣವನ್ನು ಮುಂದಿಡುವುದು ವಾಡಿಕೆ. ಆದರೆ 2022ರಲ್ಲಿ ಪರೀಕ್ಷೆಯಲ್ಲಿ ಅನುತ್ತೀರ್ಣರಾದದ್ದೇ ಕಾರಣವೆಂದು ದಾಖಲಾದ ಪ್ರಕರಣಗಳು ದೇಶದಾದ್ಯಂತ 2,248. ಮನೆಯ ಜಗಳ, ಪ್ರೇಮದ ವೈಫಲ್ಯ, ಕಾಯಿಲೆ, ಅವಮಾನ, ಕಿರುಕುಳ, ಮಾದಕ ವಸ್ತುಗಳ ಚಟ ಹೀಗೆ ಹಲವು ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಅಂಕಪಟ್ಟಿಯಲ್ಲಿ ಕಾಣದ ಈ ಎಳೆಗಳನ್ನು ಬಲ್ಲವರು ಜತೆಗಾರರೇ ಆದ್ದರಿಂದ ಅವರ ಪಾತ್ರ ಮಹತ್ವದ್ದಾಗುತ್ತದೆ.

ಗೆಳೆಯರೇ ಏಕೆ ಮೊದಲು?

ಹದಿಹರೆಯವೆಂದರೆ ಮನೆಯಿಂದ ಹೊರಗಿನ ಲೋಕದತ್ತ ಮನಸ್ಸು ವಾಲುವ ಕಾಲ. ಒಪ್ಪಿಗೆ, ಮೆಚ್ಚುಗೆ, ತಿರಸ್ಕಾರ ಇವೆಲ್ಲ ಓರಗೆಯವರಿಂದ ಬಂದಾಗಲೇ ಹೆಚ್ಚು ತಾಕುತ್ತವೆ. ಅಪ್ಪ ಅಮ್ಮನಿಗೆ ಹೇಳಿದರೆ ಬೈಗುಳ ಬರಬಹುದು, ಓದು ಬಿಡಿಸಬಹುದು, ಮೊಬೈಲ್ ಕಿತ್ತುಕೊಳ್ಳಬಹುದು ಎಂಬ ಅಂಜಿಕೆಯೂ ಇರುತ್ತದೆ. ‘ಹುಚ್ಚು’ ಎಂಬ ಹಣೆಪಟ್ಟಿಯ ಭಯ ಇನ್ನೊಂದು ಕಡೆ.

ಕರ್ನಾಟಕದಲ್ಲಿ ಇದಕ್ಕೆ ಮತ್ತೊಂದು ಕಾರಣವೂ ಸೇರಿಕೊಂಡಿದೆ. ಎಸ್ಸೆಸ್ಸೆಲ್ಸಿ ಮುಗಿಸಿದ ಸಾವಿರಾರು ಮಕ್ಕಳು ಪಿಯು ವಿಜ್ಞಾನ ಓದಲು ಊರು ಬಿಟ್ಟು ಬೆಂಗಳೂರು, ಮಂಗಳೂರು, ಧಾರವಾಡ ಮೊದಲಾದ ನಗರಗಳಿಗೂ ಅವುಗಳ ಸುತ್ತಲ ವಸತಿ ಕಾಲೇಜುಗಳಿಗೂ ಹೋಗುತ್ತಾರೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಲ್ಲಿಯೂ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ವಿದ್ಯಾರ್ಥಿನಿಲಯಗಳಲ್ಲಿಯೂ ಇದ್ದು ಓದುವವರ ಸಂಖ್ಯೆ ದೊಡ್ಡದು. ಇವರಿಗೆ ದಿನದ ಇಪ್ಪತ್ನಾಲ್ಕು ಗಂಟೆಯೂ ಎದುರಿಗಿರುವವರು ಸಹಪಾಠಿಗಳೇ. ರಾತ್ರಿ ನಿದ್ದೆ ಬಾರದೆ ಹೊರಳಾಡುವವನನ್ನು, ಊಟದ ತಟ್ಟೆಯನ್ನು ಹಾಗೇ ಬಿಟ್ಟು ಏಳುವವಳನ್ನು ವಾರ್ಡನ್‌ಗಿಂತ ಮೊದಲು ಗಮನಿಸುವವರು ಅವರೇ.

ಅಧ್ಯಯನಗಳು ಹೇಳುವುದೇನು?

ವಿದ್ಯಾರ್ಥಿಗಳಿಗೇ ನೇರವಾಗಿ ತಿಳಿವಳಿಕೆ ನೀಡುವುದರಿಂದ ಪ್ರಯೋಜನವಿದೆಯೇ ಎಂಬ ಪ್ರಶ್ನೆಗೆ ಉತ್ತರ ನೀಡಿದ ದೊಡ್ಡ ಅಧ್ಯಯನವೊಂದು ಯುರೋಪಿನ 10 ದೇಶಗಳಲ್ಲಿ ನಡೆಯಿತು. 168 ಶಾಲೆಗಳ 11,110 ವಿದ್ಯಾರ್ಥಿಗಳನ್ನು ಒಳಗೊಂಡ ಇದರ ಫಲಿತಾಂಶ 2015ರಲ್ಲಿ ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿ ಮೂರು ವಿಧಾನಗಳನ್ನು ಪರೀಕ್ಷಿಸಲಾಗಿತ್ತು. ಒಂದು, ಅಪಾಯದ ಸೂಚನೆ ಗುರುತಿಸಲು ಶಿಕ್ಷಕರಿಗೆ ತರಬೇತಿ. ಎರಡು, ತಜ್ಞರಿಂದ ವಿದ್ಯಾರ್ಥಿಗಳ ತಪಾಸಣೆ. ಮೂರು, ನಾಲ್ಕು ವಾರಗಳಲ್ಲಿ ಒಟ್ಟು ಐದು ಗಂಟೆ ಕಾಲ ವಿದ್ಯಾರ್ಥಿಗಳೊಂದಿಗೇ ಮಾತುಕತೆ ಮತ್ತು ಪಾತ್ರಾಭಿನಯ. ವರ್ಷದ ಬಳಿಕ ನೋಡಿದಾಗ ಸ್ಪಷ್ಟ ಪರಿಣಾಮ ಬೀರಿದ್ದು ಮೂರನೆಯ ವಿಧಾನ. ಆತ್ಮಹತ್ಯೆಗೆ ಯತ್ನಿಸಿದವರ ಪ್ರಮಾಣ ಹೋಲಿಕೆಗೆ ಇರಿಸಿಕೊಂಡಿದ್ದ ಗುಂಪಿನಲ್ಲಿ ಶೇ. 1.51 ಇದ್ದರೆ ಈ ಗುಂಪಿನಲ್ಲಿ ಶೇ. 0.70 ಇತ್ತು.

ನಮ್ಮ ದೇಶದ ಬಿಹಾರದ ನಳಂದಾ ಜಿಲ್ಲೆಯ 74 ಶಾಲೆಗಳಲ್ಲಿ ನಡೆದ ‘ಸೆಹರ್’ ಅಧ್ಯಯನದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಅಲ್ಲಿ ವಿಶೇಷ ತರಬೇತಿ ಪಡೆದ ಸ್ಥಳೀಯ ಆಪ್ತ ಸಮಾಲೋಚಕರು ಶಾಲೆಯಲ್ಲಿಯೇ ಇದ್ದು ವಿದ್ಯಾರ್ಥಿಗಳ ಗುಂಪುಗಳನ್ನು ಕಟ್ಟಿದರು. ಹೆಸರು ಹೇಳದೆ ದೂರು ದುಮ್ಮಾನ ಬರೆದು ಹಾಕಲು ಪೆಟ್ಟಿಗೆ ಇರಿಸಿದರು. ಖಿನ್ನತೆಯ ಲಕ್ಷಣಗಳೂ ಪೀಡನೆಯ ಪ್ರಸಂಗಗಳೂ ಇಳಿಮುಖವಾದವು. ಅದೇ ಕೆಲಸವನ್ನು ಪಾಠದ ಹೊರೆಯಿರುವ ಶಿಕ್ಷಕರಿಗೆ ಹೆಚ್ಚುವರಿಯಾಗಿ ವಹಿಸಿದ ಶಾಲೆಗಳಲ್ಲಿ ಅಂತಹ ಬದಲಾವಣೆ ಕಾಣಲಿಲ್ಲ.

ಎರಡು ಅಧ್ಯಯನಗಳನ್ನೂ ಒಟ್ಟಿಗೆ ಓದಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮಕ್ಕಳು ತಮ್ಮ ಹಾಗೂ ಜತೆಗಾರರ ಮನಸ್ಸನ್ನು ಅರಿಯುವಂತಾಗಬೇಕು. ಅವರ ಬೆನ್ನ ಹಿಂದೆ ಅದೇ ಕೆಲಸಕ್ಕೆಂದು ನಿಯುಕ್ತರಾದ ಹಿರಿಯರೊಬ್ಬರು ಇರಬೇಕು. ಇವುಗಳಲ್ಲಿ ಒಂದು ಇದ್ದು ಇನ್ನೊಂದು ಇಲ್ಲವಾದರೆ ಆಸರೆ ಅಪೂರ್ಣ.

ಐದು ಹೆಜ್ಜೆಗಳು

ಗಾಯಕ್ಕೆ ಪ್ರಥಮ ಚಿಕಿತ್ಸೆ ಇರುವಂತೆ ಮನಸ್ಸಿಗೂ ಪ್ರಥಮ ಚಿಕಿತ್ಸೆ ಇರಬೇಕೆಂಬ ಆಲೋಚನೆಯನ್ನು 2000ದಲ್ಲಿ ಆಸ್ಟ್ರೇಲಿಯಾದಲ್ಲಿ ಬೆಟ್ಟಿ ಕಿಚನರ್ ಹಾಗೂ ಆಂಥೊನಿ ಜಾರ್ಮ್ ದಂಪತಿ ತರಬೇತಿಯ ರೂಪಕ್ಕೆ ತಂದರು. ಮುಂದೆ ಹದಿಹರೆಯದವರಿಗಾಗಿಯೇ ಇದರ ಪ್ರತ್ಯೇಕ ಪಾಠಕ್ರಮ ಸಿದ್ಧವಾಯಿತು. ಅದು ಸೂಚಿಸುವ ಐದು ಹೆಜ್ಜೆಗಳು ನಮ್ಮ ಶಾಲೆ ಕಾಲೇಜುಗಳಿಗೂ ಒಪ್ಪುವಂತಿವೆ.

1. ಗಮನಿಸು. ಒಂದು ದಿನದ ಬೇಸರ ಎಲ್ಲರಿಗೂ ಸಹಜ. ಎರಡು ವಾರ ಕಳೆದರೂ ಹೋಗದ ಮಂಕು, ಇಷ್ಟದ ಆಟ ಹಾಡುಗಳಲ್ಲಿ ನಿರಾಸಕ್ತಿ, ನಿದ್ದೆ ಊಟಗಳ ಏರುಪೇರು, ವಿನಾಕಾರಣ ಸಿಡುಕು, ಒಂಟಿಯಾಗಿ ಕೂರುವುದು, ಕೈಮೇಲಿನ ಗಾಯಗಳನ್ನು ಮುಚ್ಚಿಕೊಳ್ಳುವುದು, ‘ನಾನಿದ್ದೂ ಏನು ಪ್ರಯೋಜನ’ ಎಂಬ ಮಾತು, ಇಷ್ಟದ ವಸ್ತುಗಳನ್ನು ಇದ್ದಕ್ಕಿದ್ದಂತೆ ಹಂಚಿಬಿಡುವುದು ಇವು ಎಚ್ಚರದ ಗಂಟೆಗಳು.

2. ಕೇಳು. ಹತ್ತು ಮಂದಿಯ ಎದುರಿಗಲ್ಲದೆ ನಡೆಯುತ್ತಲೋ, ಮೈದಾನದ ಮೂಲೆಯಲ್ಲಿ ಕುಳಿತೋ ಕೇಳಬೇಕು. ‘ಹದಿನೈದು ದಿನದಿಂದ ನೀನು ಮೊದಲಿನ ಹಾಗಿಲ್ಲ ಕಣೋ, ಏನಾಗಿದೆ?’ ಎಂಬಷ್ಟು ಸರಳ ಮಾತು ಸಾಕು. ಮೊದಲ ಸಲ ‘ಏನಿಲ್ಲ’ ಎಂಬ ಉತ್ತರ ಬಂದರೆ ಎರಡು ದಿನ ಬಿಟ್ಟು ಮತ್ತೆ ಕೇಳಬೇಕು.

3. ಕಿವಿಗೊಡು. ನಡುವೆ ಬಾಯಿ ಹಾಕದೆ, ತೀರ್ಪು ನೀಡದೆ, ‘ಇದೇನು ಮಹಾ, ನನಗೆ ಆದದ್ದು ಕೇಳು’ ಎಂದು ತನ್ನ ಕಥೆ ಆರಂಭಿಸದೆ ಆಲಿಸುವುದು. ಮೌನವನ್ನೂ ಸಹಿಸಿಕೊಳ್ಳುವುದು.

4. ಹಿರಿಯರ ಬಳಿಗೆ ಕರೆದೊಯ್ಯಿ. ಇಡೀ ಪಾಠಕ್ರಮದ ತಿರುಳು ಇದೇ. ನಂಬಬಹುದಾದ ಒಬ್ಬ ಹಿರಿಯರನ್ನು ಇಬ್ಬರೂ ಸೇರಿ ಆಯ್ದುಕೊಳ್ಳುವುದು. ಅಪ್ಪ ಅಮ್ಮನೇ ಆಗಬೇಕೆಂದಿಲ್ಲ. ಸೋದರಮಾವ, ಅಕ್ಕ, ಚಿಕ್ಕಮ್ಮ, ಕ್ರೀಡಾ ಶಿಕ್ಷಕರು, ವಾರ್ಡನ್, ಆಪ್ತ ಸಮಾಲೋಚಕರು ಯಾರಾದರೂ ಆಗಬಹುದು. ಮೊದಲನೆಯವರು ಮಾತನ್ನು ತಳ್ಳಿಹಾಕಿದರೆ ಇನ್ನೊಬ್ಬರ ಬಳಿ ಹೋಗಬೇಕು.

5. ಗೆಳೆತನ ಬಿಡಬೇಡ. ಚಿಕಿತ್ಸೆ ಆರಂಭವಾದ ಮೇಲೂ ಆಟಕ್ಕೆ ಕರೆಯುವುದು, ನೋಟ್ಸ್ ಕೊಡುವುದು, ಕ್ಯಾಂಟೀನಿಗೆ ಜತೆಯಾಗಿ ಹೋಗುವುದು ಮುಂದುವರಿಯಬೇಕು. ರೋಗಿಯಂತೆ ನೋಡುವುದಕ್ಕಿಂತ ಮೊದಲಿನಂತೆಯೇ ನೋಡುವುದು ಹೆಚ್ಚು ಬಲ ನೀಡುತ್ತದೆ.

ಗುಟ್ಟಿಗೂ ಒಂದು ಗಡಿ

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಂಬಿ ಹೇಳಿದ ಗುಟ್ಟನ್ನು ಕಾಪಾಡುವುದು ಗೆಳೆತನದ ಧರ್ಮವೆಂದೇ ನಾವು ಮಕ್ಕಳಿಗೆ ಕಲಿಸಿದ್ದೇವೆ. ಯಾರನ್ನು ಮೆಚ್ಚಿದ್ದಾನೆ, ಎಷ್ಟು ಅಂಕ ಬಂದಿದೆ, ಮನೆಯಲ್ಲಿ ಏನು ಜಗಳ ಎಂಬಂಥ ವಿಷಯಗಳಲ್ಲಿ ಆ ಧರ್ಮ ಸರಿ. ಜೀವಕ್ಕೆ ಅಪಾಯವಿದೆ, ಯಾರೋ ಲೈಂಗಿಕವಾಗಿ ಹಿಂಸಿಸುತ್ತಿದ್ದಾರೆ, ತನಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದಾನೆ ಎಂದು ತಿಳಿದ ಕ್ಷಣದಿಂದ ಗುಟ್ಟಿನ ಗಡಿ ಮುಗಿಯುತ್ತದೆ. ಅಲ್ಲಿಂದ ಮುಂದೆ ಮೌನವು ಅಪಾಯದ ಪರವಾಗಿ ನಿಲ್ಲುತ್ತದೆ.

ಆದ್ದರಿಂದ ‘ಯಾರಿಗೂ ಹೇಳಬೇಡ’ ಎಂದಾಗ ಆಣೆ ಪ್ರಮಾಣ ಮಾಡದಿರುವುದೇ ಮೊದಲ ಜಾಣತನ. ‘ಊರಿಗೆಲ್ಲ ಹೇಳುವುದಿಲ್ಲ. ಆದರೆ ನಿನ್ನ ಜೀವಕ್ಕೆ ತೊಂದರೆ ಎನಿಸಿದರೆ ಒಬ್ಬರಿಗೆ ಹೇಳಿಯೇ ಹೇಳುತ್ತೇನೆ, ನಿನಗೆ ತಿಳಿಸಿಯೇ ಹೇಳುತ್ತೇನೆ’ ಎಂದು ಆರಂಭದಲ್ಲೇ ಒಪ್ಪಂದ ಮಾಡಿಕೊಳ್ಳುವುದು ಪ್ರಾಮಾಣಿಕ. ಈಗಾಗಲೇ ಮಾತು ಕೊಟ್ಟಾಗಿದ್ದರೂ ಅದನ್ನು ಮುರಿಯಬೇಕು. ಗೆಳೆಯ ಮುನಿಸಿಕೊಳ್ಳಬಹುದು, ಕೆಲವು ತಿಂಗಳು ಮಾತು ಬಿಡಬಹುದು. ಮುನಿದ ಗೆಳೆಯನನ್ನು ಮುಂದೊಂದು ದಿನ ಒಲಿಸಿಕೊಳ್ಳಲು ಆತ ಉಳಿದಿರಬೇಕು ಎಂಬುದನ್ನು ನೆನಪಿಡಬೇಕು. ಲೈಂಗಿಕ ಕಿರುಕುಳದ ಸಂಗತಿಯಾದರೆ ಅದನ್ನು ತಿಳಿದ ಹಿರಿಯರು ವರದಿ ಮಾಡುವುದನ್ನು 2012ರ ಪೋಕ್ಸೊ ಕಾಯಿದೆ ಕಡ್ಡಾಯಗೊಳಿಸಿದೆ.

‘ಸಾಯುವ ಯೋಚನೆ ಬರುತ್ತಿದೆಯಾ?’ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ವ್ಯಾಪಕವಾಗಿದೆ. ಇದು ತಪ್ಪು ಕಲ್ಪನೆ ಎಂಬುದು ಹಲವು ಅಧ್ಯಯನಗಳಿಂದ ದೃಢಪಟ್ಟಿದೆ. ಕೇಳಿದಾಗ ನೊಂದವರಿಗೆ ಹೇಳಿಕೊಳ್ಳಲು ದಾರಿ ಸಿಗುತ್ತದೆ. ‘ಹೌದು’ ಎಂಬ ಉತ್ತರ ಬಂದರೆ ಆತನನ್ನು ಒಬ್ಬಂಟಿಯಾಗಿ ಬಿಡದೆ, ಅಪಾಯಕಾರಿ ವಸ್ತುಗಳು ಕೈಗೆ ಎಟುಕದಂತೆ ನೋಡಿಕೊಳ್ಳಲು ಹಿರಿಯರನ್ನು ಆಗಲೇ ಕರೆಸಬೇಕು. ಬೆಳಗಾಗಲಿ ನೋಡೋಣ ಎನ್ನಬಾರದು.

ಆಡಬಾರದ ಮಾತು

‘ಧೈರ್ಯ ತಂದುಕೋ’, ‘ನಿನಗೇನು ಕಡಿಮೆ ಆಗಿದೆ’, ‘ಅಪ್ಪ ಅಮ್ಮನ ಮುಖ ನೋಡು’, ‘ಇದೆಲ್ಲ ನಾಟಕ’ ಎಂಬ ಮಾತುಗಳಲ್ಲಿ ಮೊದಲ ಮೂರು ಸದುದ್ದೇಶದವೇ ಆದರೂ ನೊಂದವನಿಗೆ ಅವು ದೋಷಾರೋಪದಂತೆ ಕೇಳಿಸುತ್ತವೆ. ‘ಕೇಳಿ ನನಗೂ ಸಂಕಟವಾಯಿತು’, ‘ನೀನು ಹೇಳಿದ್ದು ಒಳ್ಳೆಯದಾಯಿತು’, ‘ಇದಕ್ಕೆ ದಾರಿ ಇದೆ, ಜತೆಗೆ ಬರುತ್ತೇನೆ ಬಾ’ ಎಂಬ ಮಾತುಗಳು ಬಾಗಿಲು ತೆರೆಯುತ್ತವೆ. ಗೆಳೆಯರು ರೋಗದ ಹೆಸರು ಹೇಳುವುದು, ಅಂತರಜಾಲದಲ್ಲಿ ಹುಡುಕಿ ಮಾತ್ರೆ ಸೂಚಿಸುವುದು, ನುಂಗುತ್ತಿರುವ ಮಾತ್ರೆಯನ್ನು ನಿಲ್ಲಿಸಲು ಹೇಳುವುದು ಸಲ್ಲದು. ಮನಸ್ಸು ಹಗುರಾಗಲೆಂದು ಸಿಗರೇಟು, ಮದ್ಯ ಕೊಡಿಸುವುದು ನೋವಿನ ಮೇಲೆ ಮತ್ತೊಂದು ನೋವನ್ನು ಹೇರಿದಂತೆ.

ಮಧ್ಯರಾತ್ರಿಯ ಸಂದೇಶ

ಇಂದಿನ ಮಕ್ಕಳ ನೋವು ಬಹಳಷ್ಟು ಬಾರಿ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ, ಇನ್‌ಸ್ಟಾಗ್ರಾಮ್ ಸ್ಟೋರಿಯಲ್ಲಿ ಇಣುಕುತ್ತದೆ. ‘ಎಲ್ಲರಿಗೂ ವಿದಾಯ’ ಎಂಬಂಥ ಸಾಲು ಕಂಡಾಗ ತಮಾಷೆಯೆಂದು ಭಾವಿಸಿ ನಗುವ ಚಿಹ್ನೆ ಹಾಕಿ ಮುಂದೆ ಹೋಗಬಾರದು. ತಕ್ಷಣ ಕರೆ ಮಾಡಬೇಕು. ಕರೆ ಸ್ವೀಕರಿಸದಿದ್ದರೆ ಮನೆಯವರಿಗೆ ಅಥವಾ ವಾರ್ಡನ್‌ಗೆ ತಿಳಿಸಬೇಕು; ಅವರೂ ಸಿಗದಿದ್ದರೆ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಬೇಕು. ಆ ಸಂದೇಶದ ಚಿತ್ರ ತೆಗೆದು ತರಗತಿಯ ಗುಂಪಿಗೆ ಹಾಕಿದರೆ ಸಹಾಯವೆನಿಸದು, ಮರುದಿನ ಆತ ತರಗತಿಗೆ ಬರುವ ದಾರಿಯೇ ಮುಚ್ಚುತ್ತದೆ.

ಫಲಿತಾಂಶದ ದಿನ

ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯು ಫಲಿತಾಂಶದ ದಿನಗಳಲ್ಲಿ ಜತೆಗಾರರ ಎಚ್ಚರ ಇನ್ನಷ್ಟು ಬೇಕಾಗುತ್ತದೆ. ಅಂಕ ಹಂಚಿಕೊಳ್ಳುವ ಸಂಭ್ರಮದಲ್ಲಿ ಯಾರ ಫೋನ್ ಸ್ವಿಚ್ ಆಫ್ ಆಗಿದೆ ಎಂಬುದನ್ನೂ ಒಬ್ಬರು ಗಮನಿಸಬೇಕು. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯು 2023-24ನೇ ಸಾಲಿನಿಂದ ‘ಪೂರಕ ಪರೀಕ್ಷೆ’ ಎಂಬ ಹೆಸರನ್ನೇ ಕೈಬಿಟ್ಟು ವರ್ಷಕ್ಕೆ ಮೂರು ಪರೀಕ್ಷೆಗಳ ವ್ಯವಸ್ಥೆ ಜಾರಿಗೆ ತಂದಿತು. ಬರೆದ ಪರೀಕ್ಷೆಗಳಲ್ಲಿ ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದು. ‘ಒಂದು ವರ್ಷ ಹೋಯಿತು’ ಎಂದು ಕುಸಿದು ಕುಳಿತವನಿಗೆ ಈ ಮಾಹಿತಿಯನ್ನು ಕುಳ್ಳಿರಿಸಿ ವಿವರಿಸುವುದೂ ಒಂದು ನೆರವೇ.

ಆಸರೆಯಾದವನಿಗೂ ಆಸರೆ ಬೇಕು

ಪರರ ನೋವನ್ನು ಹೊತ್ತವನ ನಿದ್ದೆಯೂ ಕೆಡುತ್ತದೆ. ರಾತ್ರಿ ಎರಡು ಗಂಟೆಗೂ ಫೋನ್ ಕೈಯಲ್ಲಿ ಹಿಡಿದು ಕೂರುವುದು, ತಾನು ಉತ್ತರಿಸದಿದ್ದರೆ ಏನಾಗುವುದೋ ಎಂಬ ದಿಗಿಲು, ಓದಿನಲ್ಲಿ ಹಿಂದೆ ಬೀಳುವುದು ಇವು ಹೊರೆ ಮೀರಿದ್ದರ ಲಕ್ಷಣಗಳು. ‘ನೀನಿಲ್ಲದಿದ್ದರೆ ನಾನಿಲ್ಲ’ ಎಂಬ ಮಾತಿಗೆ ಕಟ್ಟುಬಿದ್ದು ಒಬ್ಬನೇ ಕಾವಲು ಕಾಯುವುದು ಯಾವ ಹದಿಹರೆಯದವನಿಂದಲೂ ಆಗುವ ಕೆಲಸವಲ್ಲ. ಇಬ್ಬರು ಮೂವರು ಗೆಳೆಯರು ಮತ್ತು ಒಬ್ಬ ಹಿರಿಯರು ಭಾರ ಹಂಚಿಕೊಳ್ಳಬೇಕು.

ಎಲ್ಲವನ್ನೂ ಮಾಡಿದರೂ ಕೆಲವೊಮ್ಮೆ ಗೆಳೆಯನನ್ನು ಉಳಿಸಿಕೊಳ್ಳಲು ಆಗದೆ ಹೋಗಬಹುದು. ಆಗ ‘ನನಗೆ ಮೊದಲೇ ಗೊತ್ತಿತ್ತು’ ಎಂಬ ಅಪರಾಧಿ ಭಾವ ಜತೆಗಾರರನ್ನು ವರ್ಷಗಟ್ಟಲೆ ಕಾಡುತ್ತದೆ. ಆ ಸಾವಿಗೆ ಅವರು ಹೊಣೆಗಾರರಲ್ಲ. ಸಹಪಾಠಿಯ ಸಾವನ್ನು ಕಂಡ ಹದಿಹರೆಯದವರಲ್ಲಿ ಅಪಾಯ ಹೆಚ್ಚುವುದರಿಂದ ಅಂತಹ ತರಗತಿಗೆ ಶ್ರದ್ಧಾಂಜಲಿ ಸಭೆಯೊಂದೇ ಸಾಲದು. ಆಪ್ತ ಸಮಾಲೋಚಕರು ಬಂದು ಮಕ್ಕಳೊಂದಿಗೆ ಕೂರುವುದು, ಮುಂದಿನ ತಿಂಗಳುಗಳಲ್ಲಿಯೂ ಹತ್ತಿರದ ಗೆಳೆಯರ ಮೇಲೆ ನಿಗಾ ಇಡುವುದು ಅಗತ್ಯ.

ಹಿರಿಯರ ಪಾಲಿನ ಹೊಣೆ

ಹದಿಹರೆಯದವರು ಪರಸ್ಪರ ಆಸರೆಯಾಗಲಿ ಎಂದು ಹೇಳಿ ಹಿರಿಯರು ಕೈತೊಳೆದುಕೊಳ್ಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಂತೆ ಅಪ್ರಾಪ್ತರ ಪರವಾಗಿ ಚಿಕಿತ್ಸೆಯ ನಿರ್ಧಾರಗಳಲ್ಲಿ ಪಾಲ್ಗೊಳ್ಳುವವರು ಪೋಷಕರು. ಗೆಳೆಯ ಆಸ್ಪತ್ರೆಯ ಬಾಗಿಲವರೆಗೆ ಬರಬಲ್ಲನಷ್ಟೆ. ಇದೇ ಕಾಯಿದೆಯ 115ನೇ ಕಲಂ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಪರಿಗಣಿಸಿ ಆರೈಕೆ ನೀಡುವ ಹೊಣೆಯನ್ನು ಸರ್ಕಾರಕ್ಕೆ ವಹಿಸುತ್ತದೆ. ಪೊಲೀಸ್ ಕೇಸಿನ ಭಯದಿಂದ ಚಿಕಿತ್ಸೆ ಮರೆಮಾಚುವ ಅಗತ್ಯವಿಲ್ಲ.

ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ನೀಡಿದ ತೀರ್ಪಿನಲ್ಲಿ ಶಿಕ್ಷಣ ಸಂಸ್ಥೆಗಳಿಗೆ 15 ಮಾರ್ಗಸೂಚಿಗಳನ್ನು ವಿಧಿಸಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತ ಸಮಾಲೋಚಕರು ಇರಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ನೀಡಬೇಕು, ಅಂಕಗಳ ಆಧಾರದಲ್ಲಿ ಮಕ್ಕಳನ್ನು ಬೇರೆ ಬೇರೆ ಬ್ಯಾಚ್‌ಗಳಾಗಿ ವಿಂಗಡಿಸಬಾರದು, ಸಹಾಯವಾಣಿಯ ಸಂಖ್ಯೆಯನ್ನು ಹಾಸ್ಟೆಲ್, ತರಗತಿಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಪ್ರದರ್ಶಿಸಬೇಕು ಎಂಬವು ಅವುಗಳಲ್ಲಿ ಸೇರಿವೆ. ತಮ್ಮ ಮಕ್ಕಳ ಕಾಲೇಜಿನಲ್ಲಿ ಇವು ಪಾಲನೆಯಾಗುತ್ತಿವೆಯೇ ಎಂದು ಪೋಷಕರ ಸಭೆಯಲ್ಲಿ ಕೇಳುವ ಹಕ್ಕು ಪ್ರತಿಯೊಬ್ಬ ಪೋಷಕರಿಗೂ ಇದೆ.

ಸರ್ಕಾರದ ಯೋಜನೆಗಳಲ್ಲಿಯೂ ಓರಗೆಯವರ ಪಾತ್ರಕ್ಕೆ ಸ್ಥಾನವಿದೆ. 2014ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವು ಹಳ್ಳಿಗಳಲ್ಲಿ ಹದಿಹರೆಯದವರನ್ನೇ ಆರಿಸಿ ‘ಸಾಥಿಯಾ’ ಎಂಬ ಹೆಸರಿನ ಸಮವಯಸ್ಕ ಶಿಕ್ಷಕರನ್ನಾಗಿ ತರಬೇತುಗೊಳಿಸುತ್ತದೆ. ಅವರು ಮಕ್ಕಳನ್ನು ಕಳುಹಿಸಬೇಕಾದ ಹದಿಹರೆಯದವರ ಆರೋಗ್ಯ ಕೇಂದ್ರಗಳಿಗೆ ನಮ್ಮ ರಾಜ್ಯದಲ್ಲಿ ‘ಸ್ನೇಹ ಕ್ಲಿನಿಕ್’ ಎಂದು ಹೆಸರು.

ಎಲ್ಲಿ ಸಂಪರ್ಕಿಸಬೇಕು?

* ಟೆಲಿ-ಮಾನಸ್: 14416 ಅಥವಾ 1800-891-4416. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ. ದಿನದ 24 ಗಂಟೆಯೂ ಲಭ್ಯ. ಕನ್ನಡದಲ್ಲಿಯೇ ಮಾತನಾಡಬಹುದು. ಗೆಳೆಯನ ಬಗ್ಗೆ ಆತಂಕವಿರುವವರೂ ಕರೆ ಮಾಡಿ ಸಲಹೆ ಕೇಳಬಹುದು.

* ಮಕ್ಕಳ ಸಹಾಯವಾಣಿ: 1098. ಹದಿನೆಂಟರೊಳಗಿನವರ ಮೇಲಿನ ಹಿಂಸೆ, ಕಿರುಕುಳಗಳಿಗೆ.

* ತುರ್ತು ಸಂದರ್ಭ: 112. ಆಂಬುಲೆನ್ಸ್: 108.

* ಆಸ್ಪತ್ರೆಗಳು: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ದೊರೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗಾಗಿಯೇ ಪ್ರತ್ಯೇಕ ವಿಭಾಗವಿದೆ. ಉತ್ತರ ಕರ್ನಾಟಕದವರು ಧಾರವಾಡದ ಡಿಮ್ಹಾನ್ಸ್ ಸಂಸ್ಥೆಯನ್ನು ಸಂಪರ್ಕಿಸಬಹುದು.

ಈ ಸಂಖ್ಯೆಗಳನ್ನು ಅಗತ್ಯ ಬಿದ್ದಾಗ ಹುಡುಕುವ ಬದಲು ಇಂದೇ ಮೊಬೈಲಿನಲ್ಲಿ ಉಳಿಸಿಕೊಳ್ಳುವುದು, ಮನೆಯ ಮಕ್ಕಳಿಗೂ ಅವರ ಗೆಳೆಯರಿಗೂ ತಿಳಿಸುವುದು ಒಳಿತು. ಗೆಳೆಯನ ಗುಟ್ಟನ್ನು ಹೊತ್ತು ಬಂದ ಮಗು ಬಾಗಿಲಲ್ಲಿ ನಿಂತಾಗ ‘ನಿನಗೇಕೆ ಊರ ಉಸಾಬರಿ’ ಎಂದು ಗದರಿಸದೆ ಒಳಗೆ ಕರೆದು ಕೂರಿಸಿಕೊಳ್ಳುವ ಒಬ್ಬ ಹಿರಿಯರು ಪ್ರತಿ ಮನೆಯಲ್ಲಿಯೂ, ಪ್ರತಿ ಶಾಲೆಯಲ್ಲಿಯೂ ಇರಬೇಕು.